ನಡುಗೂಡಿನ ಆದಿನಾರಾಯಣಪ್ಪ

ಆವತಿ ಬೆಟ್ಟದ ಕೆಳಗಿನ ನಮ್ಮ ಹಳ್ಳಿಯಲ್ಲಿ ಸ್ವಂತ ಮನೆಗೆ ಮಾಡಿನಿಂದ ಏಣಿ ಹಾಕಿಕೊಂಡು ಇಳಿಯುತ್ತಿದ್ದ ಮನುಷ್ಯ ಒಬ್ಬನೇ. ಅವನು ಕಳ್ಳನಲ್ಲ. ಬೆಂಗಳೂರಿನಲ್ಲಿ ಊರುಗಳ ನಕ್ಷೆ ತಯಾರಿಸುವ ಕಚೇರಿಯೊಂದರ ನೌಕರ. ಹೆಸರು ಆದಿನಾರಾಯಣಪ್ಪ. ನನಗೆ ದೊಡ್ಡಪ್ಪನ ಮಗ; ವರಸೆಯಲ್ಲಿ ಅಣ್ಣ, ವ್ಯವಹಾರದಲ್ಲಿ ದಾಯಾದಿ. ನಾನು ಹೇಳುವುದರಲ್ಲಿ ಸ್ವಲ್ಪ ಹೊಟ್ಟೆಯುರಿ ಬೆರೆತಿದ್ದರೆ ಓದುವವರು ಅಷ್ಟನ್ನು ಕಳೆದು ಓದಿಕೊಳ್ಳಬೇಕು. ಕಳೆದ ಮೇಲೂ ಬೇಕಾದಷ್ಟು ಉಳಿಯುತ್ತದೆ.

ಕಚೇರಿಯಲ್ಲಿ ಅವನದು ಟ್ರೇಸರ್ ಕೆಲಸ. ಇಂಜಿನಿಯರುಗಳು ಎಳೆದ ನಕ್ಷೆಯ ಮೇಲೆ ತೆಳ್ಳನೆಯ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಯನ್ನೇ ಮೇಲೆ ಮಸಿಯಲ್ಲಿ ಎಳೆಯುವುದು. ಕೆಳಗಿನ ಗೆರೆ ತಪ್ಪಿದ್ದರೂ ಮೇಲಿನದು ಅದರ ಮೇಲೇ ಹೋಗಬೇಕು. ಬೆಳಿಗ್ಗೆ ದೇವನಹಳ್ಳಿಯಲ್ಲಿ ಸಣ್ಣ ರೈಲು ಹತ್ತಿ ಹೋಗಿ, ಹಗಲೆಲ್ಲ ಇನ್ನೊಬ್ಬರ ಗೆರೆ ಎಳೆದು, ಸಂಜೆ ಊರಿಗೆ ಬಂದು ನಮ್ಮ ಜಗಲಿಯ ಮೇಲೆ ಕೂತರೆ ಮಾತ್ರ ಅವನೇ ಇಂಜಿನಿಯರು. "ಈವತ್ತು ಬೆಂಗಳೂರಿನ ದಕ್ಷಿಣ ಭಾಗ ಮುಗಿಸಿಬಿಟ್ಟೆ ಕಣೋ" ಅನ್ನುತ್ತಿದ್ದ. ಕಳೆ ಕಿತ್ತು ಬಂದವರು ಹೇಳುವ ಹಾಗೆ ಹೇಳುತ್ತಿದ್ದ.

ಅರವತ್ತರ ದಶಕದ ನಡುವೆ ಆ ಕಚೇರಿಗೆ ಪರದೇಶದಲ್ಲಿ ಓದಿದ ಇಂಜಿನಿಯರೊಬ್ಬರು ಬಂದರಂತೆ. ಬೆಂಗಳೂರಿನ ಹೊರಗೆ ಹೊಸ ಬಡಾವಣೆಯೊಂದನ್ನು ಜೇನುಗೂಡಿನ ಹಾಗೆ ಕಟ್ಟಬೇಕೆಂಬುದು ಅವರ ಆಸೆ. ನಾಲ್ಕು ಮೂಲೆಯ ಮನೆ ಇಲ್ಲವೇ ಇಲ್ಲ. ಎಲ್ಲ ಆರು ಮೂಲೆಯ ಗೂಡುಗಳು, ಒಂದಕ್ಕೊಂದು ಅಂಟಿಕೊಂಡು. ಅವುಗಳ ಮೇಲೆ ಇನ್ನೊಂದು ಸಾಲು, ಮೇಲಿನ ಒಂದು ಗೂಡು ಕೆಳಗಿನ ಮೂರರ ಸಂದಿಯ ಮೇಲೆ ಕೂತು. ಹೀಗೆ ಆಕಾಶಕ್ಕೆ ಎಷ್ಟು ಬೇಕಾದರೂ. ಬೆರಳಗಲ ಜಾಗ ದಂಡವಿಲ್ಲ, ಪ್ರತಿ ಗೋಡೆಯೂ ಎರಡು ಮನೆಗೆ. ದೊಡ್ಡ ಸಾಹೇಬರು ಆ ನಕ್ಷೆಯನ್ನು ನೆಟ್ಟಗೆ ಹಿಡಿದು ನೋಡಿ, ತಲೆಕೆಳಗು ಮಾಡಿ ನೋಡಿ, ಎರಡರಲ್ಲೂ ವ್ಯತ್ಯಾಸ ಕಾಣದೆ ಬೀರುವಿನ ಮೇಲೆ ಇಡಿಸಿದರಂತೆ. ಇಂಜಿನಿಯರು ಓದಿದ ದೇಶಕ್ಕೇ ವಾಪಸು ಹೋದರು. ಆದರೆ ಆ ಗೂಡುಗಳನ್ನೆಲ್ಲ ಬಟ್ಟೆಯ ಮೇಲೆ ಎಳೆದವನು ನಮ್ಮವನು. ಅವನ ತಲೆಯಿಂದ ಅವು ಇಳಿಯಲಿಲ್ಲ.

ಅಲ್ಲಿಂದ ಮುಂದೆ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಬೆಂಗಳೂರು ಕಟ್ಟಿಸಿದ ನಾಡಪ್ರಭುಗಳ ಮೂಲ ನಮ್ಮ ಆವತಿಯೇ ಎಂದು ಊರಿನವರೆಲ್ಲ ಜಂಬ ಪಡುತ್ತಿದ್ದರೆ, ಇವನು ಅವರಲ್ಲೂ ತಪ್ಪು ಹುಡುಕಿದ. "ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದ್ರಲ್ಲ, ಅಲ್ಲೇ ಕೆಟ್ಟಿದ್ದು. ಆರು ದಿಕ್ಕಿಗೆ ಹೂಡಿಸ್ಬೇಕಿತ್ತು" ಎಂದ. ಯಾವ ದಿಕ್ಕುಗಳಪ್ಪಾ ಆ ಆರು ಎಂದು ಕೇಳಿದರೆ ಜೇಬಿನಿಂದ ಪೆನ್ಸಿಲು ತೆಗೆಯುತ್ತಿದ್ದ. ಪೆನ್ಸಿಲು ಹೊರಬಂದರೆ ನಾವು ಎದ್ದು ಹೋಗುತ್ತಿದ್ದೆವು.

ಅವನ ಪರವಾಗಿ ಒಂದು ಮಾತು ಹೇಳಲೇಬೇಕು. ನನ್ನಪ್ಪ ಮತ್ತು ದೊಡ್ಡಪ್ಪ ಬೇರೆಯಾದಾಗ ಹಳೇ ಮನೆಯ ಪಡಸಾಲೆಯ ಮಧ್ಯಕ್ಕೆ ಗೋಡೆ ಬಂತು. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದರೆ ಮನೆಯ ಬಲಗಡೆ ಹಿರಿಯನಿಗೆ, ಎಡಗಡೆ ಕಿರಿಯನಿಗೆ. ಆದಿನಾರಾಯಣಪ್ಪನೂ ನಾನೂ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದ ಜಾಗದಲ್ಲೇ ಆ ಗೋಡೆ ಎದ್ದಿತು. ಮೊದಮೊದಲು ಅವನು ಆ ಕಡೆಯಿಂದ ತಟ್ಟುತ್ತಿದ್ದ, ನಾನು ಈ ಕಡೆಯಿಂದ ತಟ್ಟುತ್ತಿದ್ದೆ. ಆಮೇಲೆ ನಮ್ಮಮ್ಮ ಗೋಡೆಯ ಉದ್ದಕ್ಕೂ ರಾಗಿ ತುಂಬಿದ ಮಣ್ಣಿನ ವಾಡೆಗಳನ್ನು ಇಟ್ಟಳು, ತಟ್ಟುವುದು ನಿಂತಿತು. ನಾನು ಮರೆತೆ. ಅವನು ಮರೆಯಲಿಲ್ಲ. ಪಾಲು ಮಾಡುವುದಕ್ಕೇ ಬಾರದಂಥ ಮನೆಯೊಂದನ್ನು ಕಟ್ಟಿ, ಅದರೊಳಗೆ ತನ್ನ ಇಬ್ಬರು ತಮ್ಮಂದಿರನ್ನು ಒಂದೇ ಒಲೆಯ ಸುತ್ತ ಇಟ್ಟುಕೊಳ್ಳಬೇಕೆಂಬುದು ಅವನ ಜೀವಮಾನದ ಹಟ. ಹಟ ಒಳ್ಳೆಯದೇ. ಅದಕ್ಕೆ ಅವನು ಆರಿಸಿಕೊಂಡ ಬುದ್ಧಿ ಬೀರುವಿನ ಮೇಲಿನದು.

ದೊಡ್ಡಪ್ಪ ತೀರಿಕೊಂಡ ಮೇಲೆ ಆದಿನಾರಾಯಣಪ್ಪ ಹಳೇ ಮನೆಯ ತಮ್ಮ ಭಾಗವನ್ನು ಕೆಡವಿಸಿ, ಬಾಗಿಲು ತೊಲೆಗಳನ್ನೆಲ್ಲ ಊರ ಮುಂದಿನ ಕಣಕ್ಕೆ ಸಾಗಿಸಿದ. ತಮ್ಮಂದಿರಾದ ಬೈಲಪ್ಪ, ರಾಮಾಂಜಿನಪ್ಪ ಹೊಲ ನೋಡಿಕೊಂಡಿದ್ದವರು. ಓದಿದ ಅಣ್ಣ ಹೇಳಿದ್ದಕ್ಕೆ ಎದುರಾಡಲಿಲ್ಲ. ಕಣದಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿದ ದಿನ ಊರೆಲ್ಲ ನೋಡಲು ಬಂತು. ಗಾರೆ ಕೆಲಸದ ಮುನಿಶಾಮಪ್ಪ ಗೆರೆಗಳ ಸುತ್ತ ಒಂದು ಸುತ್ತು ಬಂದು ತಲೆ ಕೆರೆದುಕೊಂಡ.

"ಮೂಲೆಮಟ್ಟ ಎಲ್ಲಿಟ್ಟು ನೋಡ್ಲಿ ಸ್ವಾಮಿ? ಒಂದು ಮೂಲೇನೂ ಮೂಲೆ ಥರ ಇಲ್ವಲ್ಲ."

"ನಿನ್ನ ಮೂಲೆಮಟ್ಟ ತಗೊಂಡೋಗಿ ಬಾವಿಗೆ ಹಾಕು. ಜೇನುಹುಳ ಮೂಲೆಮಟ್ಟ ಇಟ್ಕೊಂಡು ಕಟ್ತದಾ?"

"ಜೇನುಹುಳ ಮಂಚ ಹಾಕ್ಕೊಂಡು ಮಲಗಲ್ವಲ್ಲ ಸ್ವಾಮಿ" ಎಂದ ಮುನಿಶಾಮಪ್ಪ. ಆದರೂ ಕಟ್ಟಿದ. ಹೇಳಿದ ಹಾಗೆ ಕಟ್ಟುವುದು ಅವನ ಕಸುಬು.

ಏಳು ಗೂಡು ಎದ್ದವು, ನಡುವೆ ಒಂದು, ಸುತ್ತ ಆರು. ಗೋಡೆಗಳು ಎರಡು ಇಟ್ಟಿಗೆಯ ದಪ್ಪ. ಒಂದು ಪದರ ಈ ಕಡೆಯವರದು, ಒಂದು ಪದರ ಆ ಕಡೆಯವರದು ಎಂದು ಯಜಮಾನ ಎಲ್ಲರಿಗೂ ಬಿಡಿಸಿ ಹೇಳಿದ. "ಗೋಡೆ ಇಬ್ಬರದೂ. ಒಬ್ಬ ಕೆಡವ್ತೀನಿ ಅಂದ್ರೆ ಅರ್ಧ ಮಾತ್ರ ಕೆಡವ್ಬೋದು. ಹಂಗಾಗಿ ಈ ಮನೆ ಯಾವತ್ತೂ ಒಡೆಯಲ್ಲ." ಸುತ್ತಲಿನ ಆರರಲ್ಲಿ ಒಂದು ಅಡುಗೆಮನೆ, ಒಂದು ದನದ ಕೊಟ್ಟಿಗೆ, ಉಳಿದದ್ದು ತಮ್ಮಂದಿರಿಗೆ ಎರಡೆರಡು. ಆರಕ್ಕೂ ಬೀದಿಗೊಂದು ಬಾಗಿಲು, ನಡುವಿನ ಗೂಡಿಗೊಂದು ಬಾಗಿಲು. ಆ ನಡುಗೂಡಿನಲ್ಲಿ ಆದಿನಾರಾಯಣಪ್ಪನೂ ಅವನ ಹೆಂಡತಿ ಪಿಳ್ಳಮ್ಮನೂ. ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕಾದರೂ ಅವನ ಎದುರಿಗೇ ಹಾದು ಹೋಗಬೇಕು, ಅದು ಅವನ ಆನಂದ.

ಗೃಹಪ್ರವೇಶದ ದಿನ ಪಿಳ್ಳಮ್ಮ ಒಂದು ಪ್ರಶ್ನೆ ಕೇಳಿದಳು.

"ಎಲ್ಲರ ಗೂಡೂ ಒಂದು ಕಡೆ ಬೀದಿ ನೋಡ್ತದೆ. ನಮ್ಮದು ಯಾವ ಕಡೇನೂ ನೋಡಲ್ವಲ್ಲ?"

"ನಮಗೆ ಗವಾಕ್ಷಿ ಐತೆ. ನಾವು ಆಕಾಶ ನೋಡ್ತೀವಿ."

ಪಿಳ್ಳಮ್ಮ ತಲೆ ಎತ್ತಿ ಚಪ್ಪಡಿಯ ನಡುವಿನ ತೂತನ್ನು ನೋಡಿದಳು. ಪೂಜೆಗೆ ಬಂದ ಪುರೋಹಿತರು ಈಶಾನ್ಯ ಮೂಲೆ ಹುಡುಕುತ್ತ ಹುಡುಕುತ್ತ ಗೋಡೆಯ ಮಧ್ಯಕ್ಕೆ ಬಂದು ನಿಂತು, ದಕ್ಷಿಣೆ ತೆಗೆದುಕೊಂಡು ಬೇಗ ಹೊರಟರು.

ಇಟ್ಟಿಗೆ ಸಾಲದೆ, ಮೇಲಂತಸ್ತಿಗೆಂದು ಶುರುಮಾಡಿದ್ದ ಮೂರು ಗೂಡುಗಳು ಎದೆಮಟ್ಟದ ಗೋಡೆಗೇ ನಿಂತವು. ಅಲ್ಲಿಗೆ ಹತ್ತಲು ಹೊರಗೋಡೆಗೆ ಕಲ್ಲಿನ ಮೆಟ್ಟಿಲು ಮಾತ್ರ ಆಗಲೇ ಸಿಕ್ಕಿಸಿಯಾಗಿತ್ತು. ಕೆಳಗೆ ಬಾಳುವೆ ಶುರುವಾಯಿತು. ಮಂಚ ಯಾವ ಮೂಲೆಗೂ ಕೂರಲಿಲ್ಲ. ಪ್ರತಿ ಮಂಚದ ಹಿಂದೆ ಒಂದು ಸಂದು ಉಳಿದು, ಅದರೊಳಗೆ ಕೋಳಿಗಳು ಮೊಟ್ಟೆಯಿಟ್ಟವು. ಬೆರಳಗಲ ಜಾಗವೂ ದಂಡವಾಗಲಿಲ್ಲ ಎಂದು ಆದಿನಾರಾಯಣಪ್ಪ ಹೇಳಿದ್ದು ಕೋಳಿಗಳ ಮಟ್ಟಿಗೆ ನಿಜವಾಯಿತು. ಆದರೂ ಸುಳ್ಳು ಯಾಕೆ ಹೇಳಲಿ, ಕೆಲವು ವರ್ಷ ಒಂದೇ ಒಲೆ ಉರಿಯಿತು. ಸಂಜೆ ಅವನು ನಡುವೆ ಕೂತು, ತಮ್ಮಂದಿರ ಮಕ್ಕಳು ಆರು ಬಾಗಿಲಿನಲ್ಲೂ ನುಗ್ಗಿ ಓಡಾಡುವಾಗ, ಅವನ ಮುಖ ನೋಡಿ ನನಗೂ ಹೊಟ್ಟೆಕಿಚ್ಚಾದದ್ದುಂಟು.

ಕೆಡಿಸಿದ್ದು ಮೇಲಂತಸ್ತು. ಕಿರಿಯ ರಾಮಾಂಜಿನಪ್ಪ ಆಡುಗಳನ್ನು ಸಾಕಿದ, ಅವನ್ನು ಮೇಲಿನ ಮಾಡಿಲ್ಲದ ಗೂಡಿನಲ್ಲಿ ಕಟ್ಟಿದ. ಅದು ಅವನ ಗೂಡಿನ ಮೇಲೆಯೇ ಇತ್ತು. ಆದರೆ ಮೇಲಿನ ಒಂದು ಗೂಡು ಕೆಳಗಿನ ಮೂರರ ಮೇಲೆ ಕೂರಬೇಕೆಂಬುದು ಜೇನುಗೂಡಿನ ನಿಯಮವಲ್ಲವೇ! ಅದರ ಒಂದು ಭಾಗ ಬೈಲಪ್ಪನ ಮನೆದೇವರ ಗೂಡಿನ ಮೇಲೂ ಬಂದಿತ್ತು. ಒಂದು ಬೆಳಿಗ್ಗೆ ಬೈಲಪ್ಪನ ಹೆಂಡತಿ ದ್ಯಾವಮ್ಮ ದೀಪ ಹಚ್ಚಲು ಹೋದರೆ ದೇವರ ಪಟ ತೊಟ್ಟಿಕ್ಕುತ್ತಿತ್ತು.

"ನನ್ನ ದೇವರ ತಲೆ ಮೇಲೆ ಆಡು ಉಚ್ಚೆ ಹೊಯ್ತಾವೆ, ಈ ಮನೇಲಿ ಕೇಳೋರು ಗತಿಯಿಲ್ವಾ?" ಎಂದು ಅವಳು ಕೂಗಿದ್ದು ಕೆರೆಯ ಏರಿಯವರೆಗೆ ಕೇಳಿತು.

"ನನ್ನ ಗೂಡಿನ ಮೇಲೆ ಕಟ್ಟಿದೀನತ್ತಿಗೆ. ನಿಮ್ಮ ದೇವರನ್ನ ಅದರ ಕೆಳಗೆ ಕೂರಿಸು ಅಂದೋರ್ಯಾರು?" ಎಂದ ರಾಮಾಂಜಿನಪ್ಪ.

ಹಿರಿಯನಾದವನು ಆಡುಗಳನ್ನು ಬಿಚ್ಚಿಸಿ ಕೆಳಗೆ ಕಳಿಸಿದ್ದರೆ ಮುಗಿಯುತ್ತಿತ್ತು. ಇವನು ಪೆನ್ಸಿಲು ತೆಗೆದ. ನೆಲದ ಮೇಲೆ ಗೂಡುಗಳನ್ನು ಎಳೆದು, ಆಡು ಕಟ್ಟಿದ ಜಾಗ ನ್ಯಾಯವಾಗಿ ರಾಮಾಂಜಿನಪ್ಪನದೆಂದೂ, ಅದು ಸೋರುವ ಜಾಗ ಅಷ್ಟೇ ನ್ಯಾಯವಾಗಿ ಬೈಲಪ್ಪನದೆಂದೂ, ಇಬ್ಬರದೂ ಸರಿಯೆಂದೂ ತೋರಿಸಿಕೊಟ್ಟ. ಇಬ್ಬರದೂ ಸರಿ ಎಂದು ಗೊತ್ತಾದ ಮೇಲೆ ಇಬ್ಬರೂ ಬಗ್ಗಲಿಲ್ಲ. ಆ ತಿಂಗಳೇ ಒಲೆ ಬೇರೆಯಾಯಿತು, ಪಾಲಿನ ಪಂಚಾಯ್ತಿ ಕೂತಿತು.

ಊರಿನ ಹಿರಿಯ ಬೈರಣ್ಣ ಮನೆಯ ಸುತ್ತ ನಡೆದು ಬಂದು ಕೇಳಿದ. "ಹಿರೀಕನಿಗೆ ಬಲಗಡೆ ಕೊಡ್ಬೇಕು. ಇದರಲ್ಲಿ ಬಲಗಡೆ ಯಾವುದಪ್ಪಾ?"

"ಇದರಲ್ಲಿ ಬಲ ಇಲ್ಲ, ಎಡ ಇಲ್ಲ. ಅದಕ್ಕೇ ಇದು ಪಾಲಾಗಲ್ಲ ಅಂತ ನಾನು ಮೊದಲಿಂದ ಹೇಳ್ತಿರೋದು" ಎಂದ ಆದಿನಾರಾಯಣಪ್ಪ.

"ಬಲ ಎಡ ಇಲ್ದಿದ್ರೆ ಹೋಗ್ಲಿ. ಒಳಗು ಹೊರಗು ಐತಲ್ಲ. ನಿನಗೆ ಯಾವುದು ಬೇಕು, ನೀನೇ ಮೊದಲು ಹೇಳು."

ನಮ್ಮವನು ಪೆನ್ಸಿಲು ಹಿಡಿದು ಲೆಕ್ಕ ಹಾಕಿದ. ಊರಿನವರು ಮನೆಯನ್ನು ನೆಲದಿಂದ ಅಳೆಯುತ್ತಾರೆ, ಅವನು ಆಕಾಶ ಸೇರಿಸಿ ಅಳೆದ. ಸುತ್ತಲಿನ ಆರು ಗೂಡು ತಮ್ಮಂದಿರಿಗೆ ಮೂರು ಮೂರು. ತನಗೆ ನಡುವಿನದೊಂದು, ಮೇಲಿನ ಮೂರು, ಜೊತೆಗೆ ಕಲ್ಲಿನ ಮೆಟ್ಟಿಲು. ತಮ್ಮಂದಿರು ಮುಖ ಮುಖ ನೋಡಿಕೊಂಡು ತಟಕ್ಕನೆ ಒಪ್ಪಿದರು. ಬೈರಣ್ಣ ಎರಡು ಸಲ ಕೇಳಿದ, "ಯೋಚನೆ ಮಾಡಿದ್ದೀಯೇನಪ್ಪಾ?" ಎಂದು. ಪಿಳ್ಳಮ್ಮ ಬಾಗಿಲ ಸಂದಿಯಿಂದ ಬೇಡವೆಂದು ಕೈಸನ್ನೆ ಮಾಡಿದಳು. ಇವನು ಯಾರ ಕಡೆಗೂ ನೋಡಲಿಲ್ಲ. ಸಂಜೆ ನಮ್ಮ ಜಗಲಿಗೆ ಬಂದು ಪಿಸುಮಾತಿನಲ್ಲಿ ಹೇಳಿದ, "ಘನ ಅಡಿ ಲೆಕ್ಕದಲ್ಲಿ ನಂದೇ ಜಾಸ್ತಿ ಕಣೋ. ಅವರಿಗೆ ಗೊತ್ತೇ ಆಗ್ಲಿಲ್ಲ." ನಗು ತಡೆಯಲು ನಾನು ಕೆಮ್ಮಬೇಕಾಯಿತು.

ಅಣ್ಣ ಓಡಾಡುವುದಕ್ಕೆ ನಮ್ಮ ಬಾಗಿಲು ಯಾವಾಗಲೂ ತೆಗೆದಿರುತ್ತೆ ಎಂದು ತಮ್ಮಂದಿರಿಬ್ಬರೂ ಪಂಚಾಯ್ತಿಯಲ್ಲಿ ಮಾತು ಕೊಟ್ಟಿದ್ದರು. ಆದರೆ ಬೈಲಪ್ಪನ ಪಾಲಿಗೆ ಅಡುಗೆಮನೆ ಬಂದಿತ್ತು. ಭಾವನವರು ಚಪ್ಪಲಿ ಮೆಟ್ಟಿಕೊಂಡು ನನ್ನ ಒಲೆಯ ಮುಂದೆ ಹಾದು ಹೋಗುತ್ತಾರೆ ಎಂದು ದ್ಯಾವಮ್ಮ ಗೊಣಗಿದಳು. ರಾಮಾಂಜಿನಪ್ಪನ ಕಡೆ ಇನ್ನೊಂದು ಕಷ್ಟ. ಗಂಡನ ಅಣ್ಣ ಎದುರಿಗೆ ಬಂದರೆ ನಮ್ಮಲ್ಲಿ ಹೆಂಗಸರು ಕೂತಿರುವ ಹಾಗಿಲ್ಲ, ಸೆರಗು ಹೊದ್ದು ಎದ್ದು ನಿಲ್ಲಬೇಕು. ಅವನ ಹೆಂಡತಿ ವರಲಕ್ಷ್ಮಮ್ಮ ಮಗುವಿಗೆ ಹಾಲು ಕುಡಿಸುತ್ತಿದ್ದರೂ ಏಳಬೇಕು, ಊಟಕ್ಕೆ ಕೂತಿದ್ದರೂ ಏಳಬೇಕು. ಇವನೋ ದಿನಕ್ಕೆ ಎಷ್ಟು ಸಲ ಹೊರಗೆ ಬಂದು ತನ್ನ ಗೋಡೆಗಳನ್ನು ನೋಡಿ ಹೋಗುತ್ತಿದ್ದನೋ ಲೆಕ್ಕವಿಲ್ಲ. ಅಣ್ಣನಿಗೆ ಆ ಕಡೆ ದಾರಿ ಇದೆಯಲ್ಲ ಎಂದು ಬೈಲಪ್ಪ ಅಂದುಕೊಂಡ, ಈ ಕಡೆ ಇದೆಯಲ್ಲ ಎಂದು ರಾಮಾಂಜಿನಪ್ಪ ಅಂದುಕೊಂಡ. ಆದಿನಾರಾಯಣಪ್ಪನೂ ಪಿಳ್ಳಮ್ಮನೂ ಸೂಲಿಬೆಲೆಯಲ್ಲಿದ್ದ ಮಗಳ ಮನೆಗೆ ನಾಲ್ಕು ದಿನ ಹೋಗಿ ಬರುವಷ್ಟರಲ್ಲಿ ನಡುಗೂಡಿನ ಆರು ಬಾಗಿಲಿಗೂ ಇಟ್ಟಿಗೆ ಬಿದ್ದಿತ್ತು.

ವಾಪಸು ಬಂದ ಆದಿನಾರಾಯಣಪ್ಪ ತನ್ನ ಮನೆಯ ಸುತ್ತ ಬಾಗಿಲು ಹುಡುಕುತ್ತ ತಿರುಗಿದ್ದನ್ನು ಊರು ನಿಂತು ನೋಡಿತು. ಬೈಲಪ್ಪ "ಆ ಕಡೆ ಹೋಗಣ್ಣ" ಎಂದ, ಆ ಕಡೆಯವನು "ಈ ಕಡೆ ಹೋಗಣ್ಣ" ಎಂದ. ಇಬ್ಬರಲ್ಲಿ ಒಬ್ಬನ ಕೈ ಹಿಡಿದು "ತೆಗೆಯೋ, ನಾನು ಒಳಗೆ ಹೋಗ್ಬೇಕು" ಎಂದಿದ್ದರೆ ಸಾಕಿತ್ತು. ಕೇಳಲಿಲ್ಲ. ಕಲ್ಲಿನ ಮೆಟ್ಟಿಲು ಹತ್ತಿ, ಗವಾಕ್ಷಿಗೆ ಬಿದಿರಿನ ಏಣಿ ಇಳಿಬಿಟ್ಟು, ಮೊದಲು ತಾನಿಳಿದು, ಹೆಂಡತಿಯನ್ನೂ ಇಳಿಸಿಕೊಂಡ. ತಮ್ಮಂದಿರು ಗೋಡೆಯ ನಿಯಮಕ್ಕೆ ತಪ್ಪಿರಲಿಲ್ಲ. ತಮ್ಮ ಕಡೆಯ ಒಂದು ಪದರವನ್ನಷ್ಟೇ ಕಟ್ಟಿದ್ದರು. ಒಳಗಡೆ ಬಾಗಿಲಿದ್ದ ಜಾಗಗಳಲ್ಲಿ ಅರ್ಧ ಗೋಡೆಯ ಆಳದ ಗುಳಿಗಳಿದ್ದವು. ಅದರಿಂದ ಗೂಡಿನ ಆಕಾರ ಕೆಡುತ್ತದೆಂದು ಈ ಮಹಾನುಭಾವ ಮುನಿಶಾಮಪ್ಪನನ್ನು ಏಣಿಯಿಂದ ಇಳಿಸಿ, ತನ್ನ ಕಡೆಯ ಪದರವನ್ನೂ ಕಟ್ಟಿಸಿ ನುಣ್ಣಗೆ ಗಾರೆ ಬಳಿಸಿದ. ತನ್ನನ್ನು ತಾನೇ ಒಳಗಿಟ್ಟು ಗೋಡೆ ಹಾಕಿಕೊಂಡು, ಈಗ ಸರಿಯಾಯಿತು ಎಂದ.

ಊರಿನವರು ಅದಕ್ಕೆ ಹಗೇವು ಎಂದು ಹೆಸರಿಟ್ಟರು. ಹಗೇವೆಂದರೆ ರಾಗಿ ತುಂಬಿಡುವ ನೆಲಗುಳಿ. ಅದಕ್ಕೂ ಮೇಲಿನಿಂದಲೇ ಇಳಿಯಬೇಕು. ಆದಿನಾರಾಯಣಪ್ಪ ಕಚೇರಿಯ ಕೋಟು ಹಾಕಿಕೊಂಡು ಏಣಿ ಹತ್ತಿ ಹೊರಬಿದ್ದು, "ಪರದೇಶದಲ್ಲಿ ಎಲ್ಲರೂ ಮೇಲಿಂದಲೇ ಮನೆಗೆ ಹೋಗೋದು" ಎನ್ನುತ್ತ ರೈಲಿಗೆ ಹೋಗುತ್ತಿದ್ದ. ಕಷ್ಟವೆಲ್ಲ ಪಿಳ್ಳಮ್ಮನದು. ನೀರನ್ನು ಬಾವಿಯಿಂದ ಮೇಲಕ್ಕೆ ಸೇದಿ, ಅದೇ ಹಗ್ಗದಲ್ಲಿ ಮನೆಯೊಳಕ್ಕೆ ಕೆಳಗಿಳಿಸಬೇಕು. ಒಲೆ ಹಚ್ಚಿದರೆ ಹೊಗೆಯೂ ಅವಳೂ ಒಂದೇ ದಾರಿಗೆ ಕಾಯಬೇಕು. ನನಗೆ ಅವನ ಮೇಲೆ ನಗು ಬರುತ್ತಿದ್ದದ್ದು ಅವಳನ್ನು ನೋಡಿದಾಗ ಸಿಟ್ಟಾಗುತ್ತಿತ್ತು. ಮೂರು ವರ್ಷ ಅವಳು ಯಾರಿಗೂ ಏನೂ ಹೇಳಲಿಲ್ಲ.

ಎಪ್ಪತ್ತೈದರ ಸುಮಾರಿಗೆ ಮಗಳು ಸಪ್ಪಲಮ್ಮ ಬಸುರಿಯಾದಳು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು. ಆಗದಿದ್ದರೆ ಆ ಹೆಣ್ಣು ಅತ್ತೆಮನೆಯಲ್ಲಿ ಸಾಯುವವರೆಗೆ ಅದನ್ನು ಕೇಳಿಸಿಕೊಳ್ಳಬೇಕು. ಬೀಗಿತ್ತಿ ಒಂದು ದಿನ ಮನೆ ನೋಡಲು ಬಂದಳು. ಕಲ್ಲಿನ ಮೆಟ್ಟಿಲು ಹತ್ತಿ, ಗವಾಕ್ಷಿಯಿಂದ ಇಣುಕಿ, ಅಲ್ಲಿಂದಲೇ ಹೇಳಿದಳು.

"ತುಂಬಿದ ಬಸುರೀನ ಬಾವಿಗಿಳಿಸ್ದಂಗೆ ಇಳಿಸ್ತೀರಾ? ಬ್ಯಾಡ ಕಣಮ್ಮ. ಅವಳಿಗೆ ತವರಿಲ್ಲ ಅನ್ಕೊಂಡು ಬಾಣಂತನ ನಾವೇ ಮಾಡ್ಕೊತೀವಿ."

ತವರಿಲ್ಲ ಅಂದುಬಿಟ್ಟಳು. ಕೆಳಗೆ ನಿಂತಿದ್ದ ಪಿಳ್ಳಮ್ಮನ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಅವಳು ಕಣ್ಣು ಮುಚ್ಚಿಕೊಂಡದ್ದು ಬಿಸಿಲಿಗಲ್ಲ. ಅವತ್ತೇ ಗಂಡನ ಹತ್ತಿರ ಬೇಡಿಕೊಂಡಳು. "ನಿಮ್ಮ ತಮ್ಮಂದಿರನ್ನ ಒಂದು ಮಾತು ಕೇಳಿ. ಒಂದೇ ಒಂದು ಬಾಗಿಲು."

"ಪಂಚಾಯ್ತೀಲಿ ಕೊಟ್ಟ ಮಾತು ಮುರಿದೋರು ಅವರು. ನಾನ್ಯಾಕೆ ಕೇಳ್ಲಿ? ನಾನು ಬೇರೆ ಏರ್ಪಾಡು ಮಾಡ್ತೀನಿ" ಎಂದ.

ಅವನ ಏರ್ಪಾಡು ಒಂದು ರಾಟೆ. ಗವಾಕ್ಷಿಯ ಮೇಲೆ ತೊಲೆ ಹಾಕಿ, ರಾಟೆ ಕಟ್ಟಿ, ಮಗಳನ್ನು ಕೈಕುರ್ಚಿಯಲ್ಲಿ ಕೂರಿಸಿ ಹಗ್ಗದಲ್ಲಿ ಇಳಿಸುವುದು. ಭಾನುವಾರ ಪರೀಕ್ಷೆಗೆಂದು ನನ್ನನ್ನು ಕರೆದು, ಕೆಳಗೆ ನಿಂತು ಹಗ್ಗದ ಕೊನೆ ಹಿಡಿಯಲು ಹೇಳಿದ. ಮಗಳ ಬದಲಿಗೆ ಕುರ್ಚಿಯಲ್ಲಿ ಒಂದು ಮೂಟೆ ರಾಗಿ ಕೂರಿಸಿದ್ದ. ಕುರ್ಚಿ ಅರ್ಧ ದಾರಿಗೆ ಬಂದು ಒಂದು ಸುತ್ತು ತಿರುಗಿತು, ಮೂಟೆ ಮುಂದಕ್ಕೆ ವಾಲಿತು, ಕಲ್ಲಿನ ನೆಲಕ್ಕೆ ಬಿದ್ದು ಒಡೆಯಿತು. ರಾಗಿ ನಮ್ಮ ಕಾಲಡಿಗೆಲ್ಲ ಹರಡಿತು. ಮೇಲಿನಿಂದ ಅವನ ದನಿ ಬಂತು, "ಹಗ್ಗ ಇನ್ನೊಂದು ಸುತ್ತು ಹಾಕ್ಬೇಕಿತ್ತು."

ಪಿಳ್ಳಮ್ಮ ರಾಗಿಯನ್ನು ನೋಡಿದಳು. ಅದರ ಮೇಲೇ ನಡೆದು ಹೋಗಿ ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡು, ರಾಮಾಂಜಿನಪ್ಪನ ಕಡೆಯ ಗೋಡೆಗೆ ಎತ್ತಿ ಹಾಕಿದಳು. ಆದಿನಾರಾಯಣಪ್ಪ ಏಣಿಯ ಮೇಲೆ ಜಾರುತ್ತ ಇಳಿದು ಬಂದ.

"ಏನೇ ಇದು? ಹುಚ್ಚು ಹಿಡೀತಾ? ಗೋಡೆ ಇಬ್ಬರದೂ ಕಣೇ!"

"ಗೊತ್ತು. ನನ್ನರ್ಧ ನಾನು ಒಡೀತಾ ಇದೀನಿ" ಎಂದಳು. ಹಾರೆ ನಿಲ್ಲಲಿಲ್ಲ.

ನುಣ್ಣನೆಯ ಗಾರೆ ಉದುರಿತು, ಇಟ್ಟಿಗೆಗಳು ಒಂದೊಂದಾಗಿ ಬಿದ್ದವು. ಹಿಂದಿನ ಪದರ ಕಾಣಿಸಿದಾಗ ಅವಳು ಹಾರೆ ಕೆಳಗಿಟ್ಟಳು. ಅದು ರಾಮಾಂಜಿನಪ್ಪನ ಅರ್ಧ, ಅದನ್ನು ಮುಟ್ಟಲಿಲ್ಲ. ಅಂಗೈಯಿಂದ ತಟ್ಟಿದಳು.

"ವರಲಕ್ಷ್ಮೀ, ನಮ್ಮ ಸಪ್ಪಲಮ್ಮ ಬರಬೇಕು ಕಣೆ. ಚೊಚ್ಚಲು. ಬಾಗಿಲಿಲ್ಲ."

ಆ ಕಡೆಯಿಂದ ಸದ್ದಿಲ್ಲ. ಪಿಳ್ಳಮ್ಮ ಮತ್ತೆ ತಟ್ಟಿದಳು. ನನ್ನ ಕೈಯಲ್ಲಿ ಆ ಹಗ್ಗದ ಕೊನೆ ಇನ್ನೂ ಇತ್ತು. ಅಂಥ ತಟ್ಟುವಿಕೆಗೆ ಆಚೆ ಕಡೆಯಿಂದ ಜವಾಬು ನಿಂತರೆ ಏನಾಗುತ್ತದೆಂದು ಆ ಗೂಡಿನಲ್ಲಿದ್ದ ನಮ್ಮಿಬ್ಬರು ಗಂಡಸರಿಗೂ ಗೊತ್ತಿತ್ತು. "ನೋಡಿದ್ಯಾ, ಯಾರೂ ತೆಗೆಯಲ್ಲ" ಎಂದ ಆದಿನಾರಾಯಣಪ್ಪ. ಅವನ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

ಆಗ ಗೋಡೆ ಅದುರಿತು. ಆ ಕಡೆ ರಾಮಾಂಜಿನಪ್ಪ "ಏಯ್, ಏಯ್" ಎಂದು ಕೂಗುವುದು ಕೇಳಿಸಿತು, ಅದರ ಮೇಲೇ ಇನ್ನೊಂದು ಏಟು ಬಿತ್ತು. ಒಂದು ಇಟ್ಟಿಗೆ ನಮ್ಮ ಕಡೆಗೆ ಜರುಗಿ ಬಿದ್ದು, ಆ ತೂತಿನಲ್ಲಿ ಒನಕೆಯ ತುದಿ ಬಂತು. ಒನಕೆಯ ಹಿಂದೆ ಬಳೆಯ ಕೈ.

"ಅಕ್ಕಾ, ಸ್ವಲ್ಪ ಹಿಂದಕ್ಕೆ ನಿಂತ್ಕೊಳಿ, ಮುಖಕ್ಕೆ ಬಿದ್ದಾತು" ಎಂದಳು ವರಲಕ್ಷ್ಮಮ್ಮ.

ಮೂರು ವರ್ಷದ ಮೇಲೆ ಮೊದಲ ಸಲ ಆ ಗೂಡಿಗೆ ಅಡ್ಡಬೆಳಕು ಬಂತು. ಪಿಳ್ಳಮ್ಮ ಗಟ್ಟಿಯಾಗಿ ಅತ್ತಳು. ಆದಿನಾರಾಯಣಪ್ಪ ಕಿಂಡಿಯನ್ನು ಬಗ್ಗಿ ನೋಡಿ, ಎದ್ದು, ಕೈ ಅಡ್ಡ ಹಿಡಿದು ಅಳೆದು ಹೇಳಿದ, "ನಾಲ್ಕಂಗುಲ ಎಡಕ್ಕೆ ಒಡೀಬೇಕಿತ್ತು." ಆ ಮನೆಯಲ್ಲಿ ಎಡವೂ ಇಲ್ಲ ಬಲವೂ ಇಲ್ಲ ಎಂದು ಪಂಚಾಯ್ತಿಯಲ್ಲಿ ಹೇಳಿದ್ದವನು ಅವನೇ.

ಕಿಂಡಿ ನೆಲದಿಂದ ಎದೆಮಟ್ಟದಷ್ಟು ದೊಡ್ಡದಾಗಿ ಅಲ್ಲಿಗೇ ನಿಂತಿತು, ಅದಕ್ಕೆ ಯಾರೂ ಬಾಗಿಲು ಕೂರಿಸಲಿಲ್ಲ. ಸಪ್ಪಲಮ್ಮ ಚಿಕ್ಕಮ್ಮನ ಕೈ ಹಿಡಿದುಕೊಂಡು ಅದರಲ್ಲಿ ಬಗ್ಗಿ ಒಳಗೆ ಬಂದಳು. ಹೆಣ್ಣುಮಗು ನಡುಗೂಡಿನಲ್ಲೇ ಹುಟ್ಟಿತು. ಆಡಿನ ಜಗಳ ಮರೆಯದ ದ್ಯಾವಮ್ಮ ಕೂಡ ಬಾಣಂತಿಗೆ ಮೆಣಸಿನ ಸಾರು ಕಾಯಿಸಿ, ರಾಮಾಂಜಿನಪ್ಪನ ಮನೆ ಸುತ್ತಿಕೊಂಡು ತಂದುಕೊಟ್ಟು, ಯಾರ ಜೊತೆಗೂ ಮಾತಾಡದೆ ಹೋದಳು.

ಬಾಣಂತಿಯ ನೀರಿಗೆ ಸೌದೆ ಎಷ್ಟಿದ್ದರೂ ಸಾಲದು. ಒಂದು ಸಂಜೆ ನಾನು ಮಗು ನೋಡಲು ಹೋಗಿ ಕೂತಿದ್ದೆ. ಕಚೇರಿಯಿಂದ ಬಂದ ಆದಿನಾರಾಯಣಪ್ಪ ಅಭ್ಯಾಸಬಲದಿಂದ ಕಲ್ಲಿನ ಮೆಟ್ಟಿಲು ಹತ್ತಿ, ಗವಾಕ್ಷಿಯಿಂದ ಕಾಲು ಇಳಿಬಿಟ್ಟು, ಕಾಲಿಗೆ ಏನೂ ಸಿಗದೆ ಅಲ್ಲೇ ಅಂಚಿನ ಮೇಲೆ ಕೂತ.

"ಏಣಿ ಎಲ್ಲೇ?"

"ಹಂಡೆ ಕೆಳಗೆ" ಎಂದಳು ಪಿಳ್ಳಮ್ಮ. ಹಂಡೆಯ ಕೆಳಗೆ ಬಿದಿರು ಪಟಪಟನೆ ಸಿಡಿಯುತ್ತಿತ್ತು.

"ಮೇಲಿನದೆಲ್ಲ ನನ್ನ ಪಾಲಲ್ವೇನೆ? ಇಲ್ಲಿಂದ ನಾನು ಮನೆಗೆ ಬರೋದು ಹೆಂಗೆ?"

ಪಿಳ್ಳಮ್ಮ ತಲೆ ಎತ್ತಲೂ ಇಲ್ಲ. ಬಿಸಿನೀರಿಗೆ ತಣ್ಣೀರು ಬೆರೆಸಿ ಕೈಯಿಟ್ಟು ನೋಡುತ್ತಿದ್ದಳು.

"ನಾವೆಲ್ಲ ಬಂದಂಗೆ. ನಿಮ್ಮ ತಮ್ಮನ್ನ ಕೇಳ್ಕೊಂಡು, ತಲೆ ಬಗ್ಗಿಸ್ಕೊಂಡು."

ಮೇಲೆ ಸ್ವಲ್ಪ ಹೊತ್ತು ಕಾಲುಗಳು ಹಾಗೇ ತೂಗಾಡುತ್ತಿದ್ದವು. ಆಮೇಲೆ ಅವು ಮೇಲಕ್ಕೆ ಹೋದವು, ಹೊರಗೆ ಮೆಟ್ಟಿಲಿಳಿಯುವ ಸದ್ದಾಯಿತು. ರಾಮಾಂಜಿನಪ್ಪನ ಬೀದಿಬಾಗಿಲ ಹತ್ತಿರ ಅವನು ಬಹಳ ಹೊತ್ತು ನಿಂತಿದ್ದಿರಬೇಕು. ಕೊನೆಗೆ "ಲೋ ರಾಮಾಂಜಿ, ಬರ್ಲೇನೋ?" ಎಂದು ಕೇಳಿದ್ದು ನಮಗೆ ಒಳಗೆ ಕೇಳಿಸಿತು.